ಕಾಸರಗೋಡು ಸೀರೆ: ಎರಡು ಸಾವಿರ ಜಾಸ್ತಿಯಾ?

ಮೊದಲೇ ಹೇಳಿಬಿಡ್ತೇನೆ, ಸೀರೆ ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಿ. ಮುಂದಿನದ್ದೆಲ್ಲ ಬೆಲೆ ಕೇಳಿ ಮುಖ ಸಣ್ಣ ಮಾಡಿ ಹೊರಟುಹೋಗುವವರಿಗೆ. ನಮ್ಮ ಸ್ಟಾಫ್ ರೂಮಿನಲ್ಲೇ ಅಂಥವರು ಜಾಸ್ತಿ.

ನಾನು ತಗೊಂಡದ್ದು ಕಾಸರಗೋಡಿನ ಹತ್ತಿರ ಒಂದು ನೇಕಾರರ ಸಂಘದ ಮಳಿಗೆಯಲ್ಲಿ, ಓಣಂ ರಿಬೇಟಿನ ಸಮಯದಲ್ಲಿ. ಮೆರೂನ್ ಮೈ, ಸಾಸಿವೆ ಬಣ್ಣದ ಅಂಚು, ಸೆರಗಿನಲ್ಲಿ ಅದೇ ಬಣ್ಣದ ಅಡ್ಡ ಪಟ್ಟೆ, ಅಷ್ಟೇ. ಜರಿ ಇಲ್ಲ, ಹೂ ಬಳ್ಳಿ ಇಲ್ಲ, ಅಪ್ಪಟ ಹತ್ತಿ. ಬೆಲೆ ಎರಡು ಸಾವಿರದ ಹತ್ತಿರ ಇತ್ತು. ಶೇಕಡಾ 20 ರಿಬೇಟು ಕಳೆದು ಸಾವಿರದ ಆರುನೂರರ ಹತ್ತಿರಕ್ಕೆ ಬಂತು.

ಮೊದಲ ಸಲ ಉಟ್ಟಾಗ ನೆರಿಗೆ ಕೂರುವುದೇ ಇಲ್ಲ. ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲಿಗೆ, ನೇಯುವ ಮೊದಲೇ ಗಂಜಿ ಹಾಕುತ್ತಾರೆ, ಇಲ್ಲದಿದ್ದರೆ ಮಗ್ಗದಲ್ಲಿ ಎಳೆ ತುಂಡಾಗುತ್ತದೆ. ಆ ಗಂಜಿ ಸೀರೆಯಲ್ಲೇ ಉಳಿದಿರುತ್ತದೆ. ಹಾಗಾಗಿ ಆ ದಿನವಿಡೀ ಬಿಚ್ಚಿದ ಕೊಡೆಯ ಹಾಗೆ ಓಡಾಡಿದೆ. ನಾಲ್ಕಾರು ಸಲ ಒಗೆದ ಮೇಲೆ ಬಟ್ಟೆ ಮೆತ್ತಗಾಯಿತು, ಬಣ್ಣ ಮಾತ್ರ ಹಾಗೇ ಇದೆ, ಬಕೆಟ್ಟಿನ ನೀರಿಗೂ ಇಳಿಯಲಿಲ್ಲ. ಮಾರ್ಚ್ ತಿಂಗಳ ಸೆಕೆಯಲ್ಲಿ ಪರೀಕ್ಷೆ ಡ್ಯೂಟಿಗೆ ಇದನ್ನೇ ಉಟ್ಟು ಹೋಗ್ತೇನೆ. ಫ್ಯಾನ್ ಇಲ್ಲದ ರೂಮಿನಲ್ಲಿ ಮೂರು ಗಂಟೆ ನಿಂತು ನೋಡಿ, ಪಾಲಿಯೆಸ್ಟರಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಗೊತ್ತಾಗುತ್ತದೆ.

ಕೊರತೆಯೂ ಉಂಟು. ಇಸ್ತ್ರಿ ಬೇಕೇ ಬೇಕು, ಅದೂ ನೀರು ಚಿಮುಕಿಸಿ. ಎಲ್ಲ ಸೀರೆಯ ಜೊತೆ ರವಿಕೆ ಬಟ್ಟೆ ಬರುವುದಿಲ್ಲ. ಬಣ್ಣಗಳು ಸ್ವಲ್ಪ ಹಳೇ ಕಾಲದವು, ನನಗೆ ಇಷ್ಟ, ಕಾಲೇಜಿಗೆ ಹೋಗುವ ಹುಡುಗಿಯರು ತಿರುಗಿ ನೋಡುವುದು ಕಷ್ಟ.

ಒಂದು ಎಚ್ಚರಿಕೆ. ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಏಳುನೂರು ರೂಪಾಯಿಗೆ ‘ಕಾಸರಗೋಡು ಸೀರೆ’ ಅಂತ ತೋರಿಸಿದರು. ಕೈಮಗ್ಗದ್ದೇ ಅಂತ ತೋರಿಸುವ ಹ್ಯಾಂಡ್‌ಲೂಮ್ ಮಾರ್ಕ್ ಎಲ್ಲಿ ಅಂತ ಕೇಳಿದೆ. ಮಾತು ಬದಲಿಸಿದರು. ಕಾಸರಗೋಡು ಸೀರೆಗೆ 2010ರಲ್ಲೇ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ, ಆದರೆ ಕೊಳ್ಳುವವರು ಕೇಳದಿದ್ದರೆ ಆ ಟ್ಯಾಗ್ ಇದ್ದೂ ಏನು? ಪವರ್‌ಲೂಮಿನಲ್ಲಿ ಒಬ್ಬರೇ ನಾಲ್ಕಾರು ಮಗ್ಗ ನೋಡಿಕೊಳ್ಳಬಹುದು, ಏಳುನೂರಕ್ಕೆ ಕೊಟ್ಟರೂ ಅವರಿಗೆ ಲಾಭವೇ.

ಕೈಮಗ್ಗದಲ್ಲಿ ಹಾಗಲ್ಲ. ಮಳಿಗೆಯ ಹಿಂದೆಯೇ ನೇಯುವ ಶೆಡ್ಡು ಇತ್ತು, ನೋಡಬಹುದಾ ಅಂತ ಕೇಳಿದೆ, ಬನ್ನಿ ಅಂದರು. ಸಾಲಾಗಿ ಮಗ್ಗಗಳು, ಅರ್ಧಕ್ಕರ್ಧ ಹಳೆಯ ಪಂಚೆ ಹೊದ್ದು ಸುಮ್ನೆ ಕೂತಿವೆ. ಓಡುತ್ತಿದ್ದ ಒಂದರಲ್ಲಿ ಐವತ್ತು ದಾಟಿದ ಅಕ್ಕ ಒಬ್ಬರು. ಕಾಲು ಮೆಟ್ಟುತ್ತದೆ, ಬಲಗೈ ಹಗ್ಗ ಎಳೆಯುತ್ತದೆ, ಲಾಳಿ ಆ ಕಡೆಯಿಂದ ಈ ಕಡೆ ಹಾರುತ್ತದೆ, ಎಡಗೈ ಹಲಗೆಯನ್ನು ಎಳೆದು ತಟ್ಟುತ್ತದೆ, ಒಂದು ಎಳೆ ಕೂಡಿತು. ಹೀಗೆ ಸೀರೆ ಉದ್ದಕ್ಕೂ. ನಾನು ನಿಂತಿರುವಾಗಲೇ ಹಾಸಿನ ಎಳೆಯೊಂದು ತುಂಡಾಯಿತು. ಅವರು ಮಗ್ಗ ನಿಲ್ಲಿಸಿ, ಬಗ್ಗಿ, ಸಾವಿರಾರು ಎಳೆಗಳ ಮಧ್ಯೆ ಆ ಒಂದರ ತುದಿ ಹುಡುಕಿ, ಬೆರಳಲ್ಲಿ ಹೊಸೆದು ಸೇರಿಸಿದರು. ನನಗೆ ಎಲ್ಲಿ ತುಂಡಾಗಿತ್ತು ಅಂತಲೂ ಕಾಣಲಿಲ್ಲ.

“ಎರಡು ದಿನ ಬೇಕು ಟೀಚರೇ ಒಂದು ಸೀರೆಗೆ, ನೂಲು ಹೀಗೆ ಆಟ ಆಡಿದ್ರೆ ಮೂರು,” ಅಂದರು. “ಕೂಲಿ ಸೀರೆ ಲೆಕ್ಕದಲ್ಲಿ, ದಿನ ಲೆಕ್ಕದಲ್ಲಿ ಅಲ್ಲ.”

“ದಿನಕ್ಕೆ ಹಾಕಿದ್ರೆ ಎಷ್ಟು ಬೀಳ್ತದೆ ಅಕ್ಕಾ?”

“ತೊಳಿಲುರಪ್ಪಿಗೆ ಹೋದ್ರೂ ಹೆಚ್ಚುಕಡಿಮೆ ಅಷ್ಟೇ ಸಿಗ್ತದೆ. ಅಲ್ಲಿ ಮಾತಾಡ್ಲಿಕ್ಕೆ ಜನವಾದ್ರೂ ಇರ್ತಾರೆ.”

ತೊಳಿಲುರಪ್ಪು ಅಂದರೆ ಉದ್ಯೋಗ ಖಾತರಿ ಕೆಲಸ, ಗಡಿಯಾಚೆಯವರಿಗಾಗಿ ಹೇಳಿದೆ. 2025-26ಕ್ಕೆ ಕೇರಳದಲ್ಲಿ ಅದರ ದಿನಗೂಲಿ 369 ರೂಪಾಯಿ ಇತ್ತು. ಇನ್ನೊಂದು ಲೆಕ್ಕ ನೋಡಿ. ರಿಸರ್ವ್ ಬ್ಯಾಂಕಿನ 2022-23ರ ಅಂಕಿಯಂತೆ ಕೇರಳದ ಹಳ್ಳಿಗಳಲ್ಲಿ ಮನೆ ಕಟ್ಟುವ ಕೆಲಸದವರ ದಿನಗೂಲಿ ಸುಮಾರು 850 ರೂಪಾಯಿ, ದೇಶದ ಸರಾಸರಿ 393. ಅಂದರೆ ನಮ್ಮಲ್ಲಿ ಎರಡು ಪಾಲಿಗಿಂತ ಜಾಸ್ತಿ. ಗಲ್ಫಿನ ದುಡ್ಡು ಬರತೊಡಗಿದ ಮೇಲೆ ಊರೂರಲ್ಲಿ ಮನೆ ಎದ್ದವು, ಯೂನಿಯನ್‌ಗಳು ಗಟ್ಟಿಯಾಗಿದ್ದವು, ಮಕ್ಕಳು ಓದಿದರು, ಕೂಲಿ ಏರಿತು. ಒಳ್ಳೆಯದೇ ಆಯಿತು, ಅದರಲ್ಲಿ ತಕರಾರಿಲ್ಲ. ಆದರೆ ಸೀರೆಯ ಕೂಲಿ ಅದರ ಜೊತೆ ಏರಲಿಲ್ಲ. ಏರಿಸಿದರೆ ಸೀರೆಯ ಬೆಲೆ ಏರಬೇಕು, ಏರಿದರೆ ನಾವು ಏಳುನೂರರ ಅಂಗಡಿಗೆ ಹೋಗ್ತೇವೆ.

ಗಾರೆ ಕೆಲಸಕ್ಕೆ ಬಂಗಾಳ, ಅಸ್ಸಾಮಿನಿಂದ ಹುಡುಗರು ಬರ್ತಾರೆ ಅಲ್ವಾ? ಮಗ್ಗಕ್ಕೆ ಯಾರು ಬರ್ತಾರೆ? ಕೆಲಸ ಕೈಗೆ ಹತ್ತಲು ತಿಂಗಳುಗಟ್ಟಲೆ ಬೇಕು, ಕಲಿತ ಮೇಲೂ ಸಿಗುವುದು ಗಾರೆ ಕೂಲಿಯ ಅರ್ಧ. ದೇಶದ ಲೆಕ್ಕವೂ ಖುಷಿ ಕೊಡುವಂಥದ್ದಲ್ಲ. 2009-10ರ ಕೈಮಗ್ಗ ಗಣತಿಯಲ್ಲಿ ಈ ಕೆಲಸದವರು 43 ಲಕ್ಷ ಇದ್ದರು, 2019-20ರಲ್ಲಿ 35 ಲಕ್ಷ, ಮೂರರಲ್ಲಿ ಎರಡು ಪಾಲಿನಷ್ಟು ಮನೆಗಳ ಆದಾಯ ತಿಂಗಳಿಗೆ ಐದು ಸಾವಿರಕ್ಕೂ ಕಡಿಮೆ. ಬೇರೆ ದಾರಿ ಇಲ್ಲದ ಕಡೆ ಜನ ಮಗ್ಗದಲ್ಲೇ ಉಳಿದಿದ್ದಾರೆ. ನಮ್ಮಲ್ಲಿ ದಾರಿ ಇತ್ತು, ಎದ್ದು ಹೋದರು. ಹೋದವರನ್ನು ದೂರುವ ಹಾಗಿಲ್ಲ, ನಾನಾದರೂ ಹೋಗ್ತಿದ್ದೆ.

ಸಮವಸ್ತ್ರದ ಯೋಜನೆಯನ್ನೂ ಹೇಳಬೇಕು. ಸರ್ಕಾರಿ ಶಾಲೆಯ ಮಕ್ಕಳಿಗೆ ಕೈಮಗ್ಗದ ಬಟ್ಟೆಯ ಸಮವಸ್ತ್ರ ಕೊಡುವುದನ್ನು ಕೇರಳ ಸರ್ಕಾರ 2017ರಲ್ಲಿ ಶುರು ಮಾಡಿತು. ಅದರಿಂದ ಮಗ್ಗಗಳಿಗೆ ಕೆಲಸ ಸಿಕ್ಕಿದ್ದು ನಿಜ. ಆದರೆ ಅದು ಸಾದಾ ಬಟ್ಟೆ. ಇಂಥ ಅಂಚು, ಸೆರಗು ನೇಯಲು ಬರುವ ಕೈಗಳು ಅದನ್ನೇ ನೇಯುತ್ತಾ ಹೋದರೆ ಸೀರೆ ಕಲಿಸುವವರು ಯಾರು?

ಈಗ ಬೆಲೆಗೆ ಬರೋಣ. ನೇಯುವವರಿಗೆ ಗಾರೆ ಕೆಲಸದ ಕೂಲಿ ಕೊಟ್ಟರೆ ಎರಡು ದಿನಕ್ಕೆ 1,700 ರೂಪಾಯಿ ಅಲ್ಲಿಗೇ ಆಯಿತು. ನೂಲು, ಬಣ್ಣ, ಹಾಸು ಹಾಕುವವರ ಕೂಲಿ, ಮಳಿಗೆಯ ಖರ್ಚು ಇನ್ನೂ ಬಾಕಿ. ಮೂರು ಸಾವಿರ ಆಗಬೇಕಾದ ಸೀರೆ ಇದು. ಮದುವೆಗೆ ಅಂತ ಮೂರು ಸಾವಿರದ ಮಿರಿಮಿರಿ ಸಿಂಥೆಟಿಕ್ ಸೀರೆ ತಗೊಂಡು ಒಂದೇ ಸಲ ಉಟ್ಟು ಕಪಾಟಿನಲ್ಲಿ ಇಡುವವರು ಇಲ್ಲಿಗೆ ಬಂದು “ಸ್ವಲ್ಪ ಕಮ್ಮಿ ಮಾಡಿ” ಅನ್ನುವುದನ್ನು ಕಣ್ಣಾರೆ ನೋಡಿದೆ.

ಹೋಗುವವರಿಗೆ ಒಂದೆರಡು ಮಾತು. ಮೊದಲು ಫೋನ್ ಮಾಡಿ, ಸಂಘದ ಮಳಿಗೆಗಳು ಭಾನುವಾರ ತೆರೆದಿರುತ್ತವೆ ಅಂತ ನಂಬಿ ಹೋಗಬೇಡಿ. ಓಣಂ, ವಿಷು ಹತ್ತಿರ ರಿಬೇಟು ಇರುತ್ತದೆ, ಆದರೆ ಒಳ್ಳೆಯ ಬಣ್ಣಗಳು ಬೇಗ ಖಾಲಿ. ಬೇಕಾದ ಬಣ್ಣ ಇಲ್ಲದಿದ್ದರೆ ಹೇಳಿಟ್ಟು ಬನ್ನಿ, ನೇಯ್ದು ಕೊಡ್ತಾರೆ, ತಡವಾದರೆ ಬೈಯಬೇಡಿ. ಕಪ್ಪು ಮೈ ಕೆಂಪಂಚಿನದ್ದೊಂದು ಈಗ ಮಗ್ಗದಲ್ಲಿದೆ. ಅದಕ್ಕೆ ನಾನು ಅಡ್ವಾನ್ಸ್ ಕೊಟ್ಟಾಗಿದೆ, ಬೇರೆ ನೋಡಿಕೊಳ್ಳಿ.