ಮನೆಗೆಲ್ಲ ಒಂದೇ ಕಂಪ್ಯೂಟರ್: ವಿಂಡೋಸ್‌ನ ಪಬ್ಲಿಕ್ ಫೋಲ್ಡರ್ ಬಳಸಿದ ಅನುಭವ

ಒಂದೇ ಕಂಪ್ಯೂಟರಿನಲ್ಲಿ ಒಬ್ಬರ ಅಕೌಂಟಿನಿಂದ ಇನ್ನೊಬ್ಬರ ಅಕೌಂಟಿಗೆ ಫೈಲ್ ಕೊಡಲು ಪೆನ್‌ಡ್ರೈವ್ ಹುಡುಕುವವರು ನಮ್ಮ ಚಿಕ್ಕಮಗಳೂರಿನಲ್ಲಿ ಇನ್ನೂ ಇದ್ದಾರೆ. ಕೆಲವರು ವಾಟ್ಸಾಪ್‌ನಲ್ಲಿ ಕಳಿಸಿ ಮತ್ತೆ ಇಳಿಸಿಕೊಳ್ಳುತ್ತಾರೆ. ಎರಡೂ ಬೇಡ. ವಿಂಡೋಸ್‌ನಲ್ಲೇ ಪಬ್ಲಿಕ್ ಅಂತ, ಎಲ್ಲ ಅಕೌಂಟಿನವರೂ ತೆರೆಯಬಹುದಾದ ಒಂದು ಫೋಲ್ಡರ್ ಇದೆ. ದುಡ್ಡು ಕೊಡಬೇಕಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ ಅಲ್ವಾ? ಫೋಲ್ಡರಿನ ಬಗ್ಗೆ ನನಗೆ ದೂರಿಲ್ಲ. ದೂರು ಇರುವುದು ಅದರಲ್ಲಿಟ್ಟ ಕನ್ನಡಕ್ಕೆ ಏನಾಗುತ್ತದೆ ಅನ್ನುವುದರ ಬಗ್ಗೆ.

ನಮ್ಮಲ್ಲಿರುವುದು ವಿಂಡೋಸ್ 10 ಹಾಕಿದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಅಕೌಂಟ್ ಮೂರು: ನನ್ನದು, ಮಾವನವರದು, ಮಗಳದು. ನನ್ನದು ಅಡ್ಮಿನ್, ಅಂದರೆ ಕಂಪ್ಯೂಟರಿನ ಪೂರ್ತಿ ಅಧಿಕಾರ ಇರುವ ಅಕೌಂಟ್. ಕಾಫಿಗೆ ಒಳ್ಳೆ ರೇಟು ಬಂದಾಗ ಇನ್ನೊಂದು ತೆಗೆದುಕೊಳ್ಳಬಹುದಿತ್ತು. ಆ ದುಡ್ಡು ತೋಟದ ಕಣ ರಿಪೇರಿಗೆ ಹೋಯಿತು, ಅದೇ ಸರಿ ಅನ್ನಿಸಿತು.

ಮಾಡಿಕೊಂಡದ್ದು ಇಷ್ಟೇ. ಸಿ ಡ್ರೈವ್, ಅದರಲ್ಲಿ ಯೂಸರ್ಸ್, ಅದರಲ್ಲಿ ಪಬ್ಲಿಕ್. ಅಲ್ಲಿರುವ ಪಬ್ಲಿಕ್ ಡಾಕ್ಯುಮೆಂಟ್ಸ್‌ಗೆ ಒಂದು ಶಾರ್ಟ್‌ಕಟ್ ಮಾಡಿ, ಅದನ್ನು ಪಬ್ಲಿಕ್ ಒಳಗಿನ ಡೆಸ್ಕ್‌ಟಾಪ್ ಫೋಲ್ಡರಿಗೆ ಹಾಕಿದೆ. ಆ ಫೋಲ್ಡರ್ ಸುಮ್ನೆ ನೋಡಿದರೆ ಕಾಣುವುದಿಲ್ಲ, ಅಡ್ರೆಸ್ ಬಾರಿನಲ್ಲಿ ಟೈಪ್ ಮಾಡಿಯೇ ಹೋಗಬೇಕು. ಅಲ್ಲಿಗೆ ಏನಾದರೂ ಹಾಕಲು ಅಡ್ಮಿನ್ ಅನುಮತಿ ಕೇಳುತ್ತದೆ. ಒಂದು ಸಲ ಹಾಕಿದರೆ ಮೂವರ ಡೆಸ್ಕ್‌ಟಾಪಿನಲ್ಲೂ ಅದೇ ಐಕಾನ್ ಬಂದು ಕೂರುತ್ತದೆ. ಅದಕ್ಕೆ 'ಮನೆ' ಅಂತ ಹೆಸರಿಟ್ಟಿದ್ದೇವೆ.

ಸಾಯಂಕಾಲ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ತೋಟದಿಂದ ಹಾಜರಿ ಪುಸ್ತಕ ತಂದುಕೊಡುತ್ತಾರೆ. ಯಾರು ಬಂದರು, ಯಾರು ಅರ್ಧ ದಿನ, ಹಣ್ಣು ಎಷ್ಟು ಕೆಜಿ, ಎಲ್ಲ ಎಕ್ಸೆಲ್‌ಗೆ ಹಾಕಿ 'ಮನೆ'ಗೆ ಕಾಪಿ ಮಾಡುತ್ತೇನೆ. ಬೆಳಿಗ್ಗೆ ಮಾವ ತಮ್ಮ ಅಕೌಂಟ್ ತೆರೆಯುತ್ತಾರೆ. ಅವರ ಪರದೆಯಲ್ಲಿ ಅಕ್ಷರ ದೊಡ್ಡದು, ಹಿಂದೆ ಶೃಂಗೇರಿಯ ಫೋಟೋ. ಪೇಪರ್ ಬಿಚ್ಚುವುದಕ್ಕೂ ಮೊದಲು ಹಾಜರಿ ನೋಡುತ್ತಾರೆ. ನಾನು ಫೈಲ್ ಮುಚ್ಚದೆ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಪರದೆ ಲಾಕ್ ಮಾಡಿ ಎದ್ದಿದ್ದರೆ, ಇದು ಇಂಥವರ ಬಳಿ ತೆರೆದಿದೆ ಅಂತ ನನ್ನ ಹೆಸರನ್ನೇ ತೋರಿಸುತ್ತದೆ. ಅಡುಗೆಮನೆಗೆ ಕೂಗು ಬರುತ್ತದೆ. ನನಗೆ ಈ ಏರ್ಪಾಟು ತುಂಬಾ ಇಷ್ಟ. ಅವರ ಕಾಗದಪತ್ರ ಅವರ ಹತ್ತಿರ, ನನ್ನದು ನನ್ನ ಹತ್ತಿರ, ಎಲ್ಲರಿಗೂ ಬೇಕಾದದ್ದು ಮಾತ್ರ ನಡುಮನೆಯಲ್ಲಿ.

ಕಟ್ ಮಾಡಬೇಡಿ, ಕಾಪಿ ಮಾಡಿ. ಒಂದೇ ಡ್ರೈವಿನೊಳಗೆ ಕಟ್ ಮಾಡಿ ಹಾಕಿದ ಫೈಲ್ ತನ್ನ ಹಳೇ ಅನುಮತಿಯನ್ನೇ ಇಟ್ಟುಕೊಂಡು ಬರಬಹುದು, ಆಗ ಇನ್ನೊಬ್ಬರಿಗೆ ತೆರೆಯುವುದಿಲ್ಲ. ಕಾಪಿ ಮಾಡಿದ್ದು ಹೊಸ ಫೋಲ್ಡರಿನ ಅನುಮತಿ ಪಡೆಯುತ್ತದೆ. ರಿಸೈಕಲ್ ಬಿನ್ ಕೂಡ ಒಬ್ಬೊಬ್ಬರಿಗೆ ಬೇರೆ ಬೇರೆ. ಮಗಳು ಅಳಿಸಿದ್ದನ್ನು ನನ್ನ ಬಿನ್ನಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇನ್ನು ಕನ್ನಡದ ವಿಷಯ.

ಮಾವ ಒಂದು ಸಂಘದ ಕಾರ್ಯದರ್ಶಿ. ಸಭೆಯ ನಡಾವಳಿ, ಆಮಂತ್ರಣ ಎಲ್ಲ 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲೇ ಟೈಪ್ ಮಾಡುತ್ತಿದ್ದರು, ಏಕೆಂದರೆ ಪ್ರೆಸ್‌ನವರು ಕೇಳುವುದು ಅದನ್ನೇ. ಪ್ರೆಸ್‌ನವರು ಕೊಟ್ಟ ಫಾಂಟ್ ಫೈಲನ್ನು ತಮ್ಮ ಅಕೌಂಟಿನಲ್ಲಿ ತೆರೆದು ಇನ್‌ಸ್ಟಾಲ್ ಒತ್ತಿದರು. ಪಾಸ್‌ವರ್ಡ್ ಕೇಳಲಿಲ್ಲ, ಚೆನ್ನಾಗಿಯೇ ಕೆಲಸ ಮಾಡಿತು. ವಾರ್ಷಿಕ ಸಭೆಯ ಆಮಂತ್ರಣವನ್ನು ತಿದ್ದಲು ಅಂತ 'ಮನೆ'ಗೆ ಹಾಕಿದರು. ನನ್ನ ಅಕೌಂಟಿನಲ್ಲಿ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೀಟು, ಚುಕ್ಕಿ. ಒಂದು ಪದವೂ ಓದಲು ಬರಲಿಲ್ಲ. ಅದೇ ಯಂತ್ರ, ಅದೇ ಫೈಲ್. ಮಾವ ಲಾಗಿನ್ ಆದರೆ ಅಚ್ಚುಕಟ್ಟಾದ ಕನ್ನಡ, ನಾನು ಆದರೆ ಗೋಜಲು. ಫೈಲೇ ಕೆಟ್ಟಿತು ಅಂತ ಅವರು ಇಡೀ ಆಮಂತ್ರಣವನ್ನು ಮತ್ತೆ ಟೈಪ್ ಮಾಡಲು ಕುಳಿತರು. ಎಪ್ಪತ್ತು ದಾಟಿದವರು, ಒಂದೊಂದೇ ಬೆರಳಿನಲ್ಲಿ. ನನಗೆ ನಿಜವಾಗಿಯೂ ಕೋಪ ಬಂದದ್ದು ಅಲ್ಲಿ.

ಕಾರಣ ಹುಡುಕಿದೆ. 2018ರ ಅಪ್‌ಡೇಟ್, ಅಂದರೆ ಆವೃತ್ತಿ 1809ರಿಂದ, ಬರೀ ಇನ್‌ಸ್ಟಾಲ್ ಒತ್ತಿದರೆ ಫಾಂಟ್ ಆ ಒಬ್ಬ ಬಳಕೆದಾರನಿಗೆ ಮಾತ್ರ ಸೇರುತ್ತದೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿಗೆ ಹೋಗುವ ಬದಲು ಅವರ ಅಕೌಂಟಿನದೇ ಆಪ್‌ಡೇಟಾ ಅನ್ನುವ ಫೋಲ್ಡರಿನೊಳಗೆ ಕೂರುತ್ತದೆ. ಎಲ್ಲರಿಗೂ ಬೇಕಿದ್ದರೆ ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಬೇಕು, ಅಡ್ಮಿನ್ ಪಾಸ್‌ವರ್ಡ್ ಕೊಡಬೇಕು. ನಾನು ಹಾಗೆ ಹಾಕಿದ ಕೂಡಲೇ ಆಮಂತ್ರಣ ಮೂರೂ ಕಡೆ ಸರಿಯಾಗಿ ಬಂತು. ಅಡ್ಮಿನ್ ಅಲ್ಲದವರೂ ಫಾಂಟ್ ಹಾಕಿಕೊಳ್ಳಲಿ ಅನ್ನುವುದು ಒಳ್ಳೆಯದೇ. ಆದರೆ 'ಇದು ನಿಮ್ಮ ಅಕೌಂಟಿಗೆ ಮಾತ್ರ' ಅಂತ ಒಂದು ಸಾಲು ತೋರಿಸಬಹುದಿತ್ತು. ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಫಾಂಟ್ ಇಲ್ಲದಿದ್ದರೆ ಅಕ್ಷರದ ಅಂದ ಹೋಗುತ್ತದೆ ಅಷ್ಟೇ. ಹಳೇ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ತೋರಿಸುವುದರಿಂದ, ಅದರ ಕನ್ನಡಕ್ಕೆ ಅಕ್ಷರವೇ ಹೋಗುತ್ತದೆ.

ಯುನಿಕೋಡ್‌ನಲ್ಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿಯಲ್ಲಿ, ಈ ತೊಂದರೆ ಇಲ್ಲ. ನಿರ್ಮಲಾ ಫಾಂಟ್ ವಿಂಡೋಸ್ ಜೊತೆಗೇ ಬರುತ್ತದೆ, ಯಾರ ಅಕೌಂಟಿನಲ್ಲಿ ತೆರೆದರೂ ಓದಬಹುದು. ಕನ್ನಡ ಕೀಬೋರ್ಡನ್ನು ಮಾತ್ರ ಪ್ರತಿ ಅಕೌಂಟಿನಲ್ಲೂ ಬೇರೆಯಾಗಿ ಸೇರಿಸಿಕೊಳ್ಳಬೇಕು. ಈಗ ಮಾವ ನಡಾವಳಿಯನ್ನು ಯುನಿಕೋಡ್‌ನಲ್ಲೇ ಬರೆಯುತ್ತಾರೆ. ಹಳೆಯವನ್ನು ಒಂದೊಂದಾಗಿ ಯುನಿಕೋಡ್‌ಗೆ ಬದಲಿಸುತ್ತಿದ್ದೇವೆ. ಹಾಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಕೆಲವು ಕಡೆ ತಪ್ಪುತ್ತವೆ, ಹಾಗಾಗಿ ಮಗಳು ಓದಿ ತಿದ್ದುತ್ತಾಳೆ. ಪ್ರೆಸ್‌ಗೆ ಹೋಗುವ ಪ್ರತಿ ಮಾತ್ರ ಇನ್ನೂ ಹಳೇ ಫಾಂಟಿನಲ್ಲಿದೆ. ಅದನ್ನು ವರ್ಡ್‌ನಿಂದಲೇ ಪಿಡಿಎಫ್ ಮಾಡಿ ಜೊತೆಗೆ ಇಡುತ್ತಾರೆ. ಪಿಡಿಎಫ್ ಒಳಗೆ ಫಾಂಟೂ ಸೇರಿರುವುದರಿಂದ ಅದನ್ನು ನನ್ನ ಫೋನಿನಲ್ಲೂ ಓದಬಹುದು.