ತೋಟದ ಜೀಪಿಗೆ ಸಿಮ್, ನಡೆಯುವವರಿಗೆ ಲೋರಾ: ಹಾಕಿ ನೋಡಿದ ರೇಡಿಯೋ ಲಿಂಕ್‌ಗಳ ಹೋಲಿಕೆ

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟದವರು "ಟ್ರ್ಯಾಕಿಂಗ್ ಹಾಕ್ಸಬೇಕು" ಅಂದರೆ ಅದರೊಳಗೆ ಎರಡು ಕೆಲಸ ಇರುತ್ತವೆ. ಪಿಕಪ್, ಜೀಪು, ಟ್ರ್ಯಾಕ್ಟರ್ ದಿನಕ್ಕೆ ಎಷ್ಟು ಓಡಿದವು ಅನ್ನುವುದು ಒಂದು. ಅದು ರೈಟರ್ ಡೀಸೆಲ್ ಲೆಕ್ಕ ಬರೆಯುವುದಕ್ಕೆ. ಪಕ್ಕದ ತೋಟದಲ್ಲಿ ಆನೆ ಇಳಿದಿದೆ ಅಂತ ಫೋನ್ ಬಂದಾಗ, ನಮ್ಮವರು ಯಾರು ಯಾವ ಬ್ಲಾಕ್‌ನಲ್ಲಿದ್ದಾರೆ ಅನ್ನುವುದು ಇನ್ನೊಂದು. ಡೀಸೆಲ್ ಲೆಕ್ಕ ಸಂಜೆ ಸಿಕ್ಕಿದರೂ ನಡೆಯುತ್ತದೆ. ಆನೆ ವಿಷಯ ಆ ಕ್ಷಣಕ್ಕೇ ಬೇಕು.

ಮಾರುವವರು ಮಾತ್ರ ಎರಡಕ್ಕೂ ಒಂದೇ ಡಬ್ಬಿ ತೋರಿಸುತ್ತಾರೆ. ಒಂದು ತೋಟದಲ್ಲಿ ಇದನ್ನೆಲ್ಲ ಕೂರಿಸುವ ಕೆಲಸ ನನ್ನ ತಲೆಗೆ ಬಂದಿದ್ದರಿಂದ ಬೇರೆ ಬೇರೆ ಬಗೆಯ ಲಿಂಕ್ ಹಾಕಿ ನೋಡಿದೆ. ಬಂಗಲೆ ದಿಬ್ಬದ ಮೇಲೆ. ಕೆಲಸದವರ ಲೈನ್ ಮನೆಗಳು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಕೆಳಗೆ ಹಳ್ಳದ ಪಕ್ಕ. ನಡುವೆ ಇಡೀ ರೋಬಸ್ಟಾ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ರೇಡಿಯೋ ಅಲೆಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಬೇಕು ಅಂದರೆ ಕಷ್ಟ.

ಮೊದಲು ಸಿಮ್ ಟ್ರ್ಯಾಕರ್. ವಾಹನಕ್ಕೆ ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಜಿಪಿಎಸ್ ಜಾಗ ಹಿಡಿಯುತ್ತದೆ, ಮೊಬೈಲ್ ನೆಟ್‌ವರ್ಕ್ ಅದನ್ನು ಸರ್ವರ್‌ಗೆ ಮುಟ್ಟಿಸುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಕಳಿಸಿದರೆ ಹತ್ತು ಗಂಟೆಗೆ 1200 ಪಾಯಿಂಟ್. ಒಂದೊಂದು ನೂರಿನ್ನೂರು ಬೈಟ್. ತಿಂಗಳಿಗೆ ಹತ್ತು ಎಂಬಿ ಕೂಡ ಆಗುವುದಿಲ್ಲ. ಸರ್ವರ್‌ಗೆ ಟ್ರಾಕ್‌ಕಾರ್ ಅನ್ನುವ ಉಚಿತ ತಂತ್ರಾಂಶ ಸಾಕು. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಒಂದೇ, ಅದು 2ಜಿ ಡಬ್ಬಿಯೋ 4ಜಿಯೋ ಅಂತ. ಜಿಯೋಗೆ 2ಜಿ ಜಾಲವೇ ಇಲ್ಲ, ಹಾಗಾಗಿ 2ಜಿ ಮಾತ್ರ ಇರುವ ಟ್ರ್ಯಾಕರ್‌ಗೆ ಜಿಯೋ ಸಿಮ್ ಹಾಕಿದರೆ ಅದು ಸುಮ್ನೆ ಕೂತಿರುತ್ತದೆ. ತೋಟದಲ್ಲಿ ಸಿಗ್ನಲ್ ಕೊಡುವ ಒಂದೇ ಟವರ್ ಜಿಯೋದ್ದಾದರೆ ಕಥೆ ಮುಗಿಯಿತು. ಇನ್ನು ಎಸ್‌ಐಎಂ800ಎಲ್ ಅನ್ನುವ 2ಜಿ ಮಾಡ್ಯೂಲ್ ತಂದು ಸ್ವಂತ ಟ್ರ್ಯಾಕರ್ ಕಟ್ಟುವವರಿಗೆ ಒಂದು ಮಾತು. ಅದು ಸಿಗ್ನಲ್ ಬಿಡುವಾಗ ಕ್ಷಣಮಾತ್ರ 2 ಆಂಪಿಯರ್ ಎಳೆಯುತ್ತದೆ. ತೆಳ್ಳಗಿನ ವೈರಿನಲ್ಲಿ ವೋಲ್ಟೇಜ್ ಕುಸಿದು ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದರೆ ನಿಲ್ಲುತ್ತದೆ. ಟ್ರ್ಯಾಕ್ಟರ್ ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್ ಇನ್ನೂ ಕೆಳಗೆ ಬೀಳುತ್ತದೆ, ಅಲ್ಲಿಗಂತೂ ಒಳ್ಳೇ ಕನ್ವರ್ಟರ್ ಇಲ್ಲದೆ ಆಗುವುದೇ ಇಲ್ಲ.

(ಜನ ಸಾಗಿಸುವ ಹಳದಿ ಬೋರ್ಡ್ ಗಾಡಿಯಾದರೆ ಈ ಆಯ್ಕೆಯೇ ನಿಮ್ಮ ಕೈಲಿಲ್ಲ. 2019ರಿಂದ ಹೊಸ ಗಾಡಿಗಳಿಗೆ ಎಐಎಸ್ 140 ಅನ್ನುವ ಮಾನದಂಡದ ಪ್ರಕಾರದ ಟ್ರ್ಯಾಕರ್ ಡಬ್ಬಿ, ತುರ್ತು ಬಟನ್ ಸಮೇತ, ಇರಲೇಬೇಕು. ಇಲ್ಲಿ ಹೇಳುತ್ತಿರುವುದು ತೋಟದೊಳಗೆ ಓಡುವ ಸ್ವಂತ ಗಾಡಿಗಳ ವಿಷಯ.)

ಸಿಮ್ ಟ್ರ್ಯಾಕರಿನ ಒಂದು ಗುಣ ನನಗೆ ತುಂಬಾ ಹಿಡಿಸಿತು. ಸಿಗ್ನಲ್ ಇಲ್ಲದ ಕಡೆ ಪಾಯಿಂಟ್‌ಗಳನ್ನು ಒಳಗೇ ಇಟ್ಟುಕೊಂಡು, ಟವರ್ ಸಿಕ್ಕ ಮೇಲೆ ಒಟ್ಟಿಗೆ ಕಳಿಸುತ್ತದೆ. ಹಳ್ಳದ ಕಡೆ ಹೋದ ಟ್ರ್ಯಾಕ್ಟರ್ ನಕ್ಷೆಯಿಂದ ಮಾಯವಾಗಿ, ಮೇಲೆ ಹತ್ತಿದ ಕೂಡಲೇ ಇಡೀ ದಾರಿ ಗೆರೆ ಎಳೆದ ಹಾಗೆ ಬಂದು ಬೀಳುತ್ತದೆ. ಡೀಸೆಲ್ ಲೆಕ್ಕಕ್ಕೆ ಇಷ್ಟು ಸಾಕು. ಅದೇ ಡಬ್ಬಿಯನ್ನು ಚಿಕ್ಕದು ಮಾಡಿ ಕಾವಲಿನವರ ಜೇಬಿಗೆ ಹಾಕಿದಾಗ ಇದೇ ಗುಣ ಮುಳುವಾಯಿತು. ಅವರು ಹಳ್ಳದಲ್ಲಿದ್ದದ್ದು ಅವರು ವಾಪಸ್ ಬಂದ ಮೇಲೆ ಗೊತ್ತಾದರೆ ಏನು ಬಂತು? ಜೊತೆಗೆ ಸಿಗ್ನಲ್ ಹುಡುಕಿ ಹುಡುಕಿ ಸಣ್ಣ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ.

ಆಮೇಲೆ 2.4 ಗಿಗಾಹರ್ಟ್ಜ್ ಜಿಗ್‌ಬೀ, ಹತ್ತಿರ ಹತ್ತಿರದ ಸಾಧನಗಳನ್ನು ಜೋಡಿಸುವ ಸಣ್ಣ ರೇಡಿಯೋ. ಇದರ ಬಗ್ಗೆ ಉದ್ದ ಬರೆಯಲು ಏನಿಲ್ಲ. ಕಣದ ಬಯಲಿನಲ್ಲಿ ಚೆನ್ನಾಗಿ ಕೆಲಸ ಮಾಡಿತು, ಕಾಫಿ ಗಿಡದ ಸಾಲಿಗೆ ನುಗ್ಗಿದ ಮೇಲೆ ಸತ್ತಿತು. ಈ ತರಂಗವನ್ನು ನೀರು ಚೆನ್ನಾಗಿ ಹೀರುತ್ತದೆ. ಒದ್ದೆ ಎಲೆ ನೀರೇ, ಮನುಷ್ಯನ ಮೈಯೂ ಬಹುಪಾಲು ನೀರೇ. ಗೋದಾಮಿನೊಳಗೆ, ಪಾರ್ಕಿಂಗ್ ಜಾಗದಲ್ಲಿ ಬೇಕಾದರೆ ಇಟ್ಟುಕೊಳ್ಳಿ.

ಹಾಗಾಗಿ ಉಳಿದದ್ದು ಲೋರಾ, ಅಂದರೆ ಚೂರೇ ಚೂರು ಮಾಹಿತಿಯನ್ನು ಕಡಿಮೆ ಬ್ಯಾಟರಿಯಲ್ಲಿ ದೂರಕ್ಕೆ ಮುಟ್ಟಿಸುವ ರೇಡಿಯೋ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಜ್‌ವರೆಗಿನ ಪಟ್ಟಿಗೆ (ಬ್ಯಾಂಡ್) 2005ರಿಂದಲೇ ಲೈಸೆನ್ಸ್ ಬೇಕಿಲ್ಲ. 2021ರಲ್ಲಿ ಅದನ್ನು 868ರವರೆಗೆ ಹಿಗ್ಗಿಸಿದರು. ಒಂದು ವಾಟ್‌ವರೆಗೆ ಬಿಡಬಹುದು. ಆನ್‌ಲೈನಿನಲ್ಲಿ ಅಮೆರಿಕದ 915 ಮೆಗಾಹರ್ಟ್ಜ್ ಬೋರ್ಡುಗಳೂ ಸಿಗುತ್ತವೆ, ಕೆಲವೊಮ್ಮೆ ಕಡಿಮೆ ಬೆಲೆಗೆ. ಅದರ ತಂಟೆಗೆ ಹೋಗಬೇಡಿ. ಆ ಪಟ್ಟಿ ಇಲ್ಲಿ ಮೊಬೈಲ್ ಕಂಪನಿಗಳ 900 ಪಟ್ಟಿಯ ಮೇಲೆ ಬೀಳುತ್ತದೆ. 868 ಅಂತ ಬರೆದ ಬೋರ್ಡ್ ತಗೊಂಡು ತಂತ್ರಾಂಶದಲ್ಲಿ ಭಾರತದ ಪಟ್ಟಿ ಆರಿಸಿಕೊಳ್ಳಬೇಕು.

ಒಂದು ಕಿಲೋಮೀಟರ್ ಬಯಲಿನಲ್ಲಿ ಈ ತರಂಗ ಸುಮಾರು 91 ಡೆಸಿಬಲ್ ಕಳೆದುಕೊಳ್ಳುತ್ತದೆ. 2.4 ಗಿಗಾಹರ್ಟ್ಜ್ ಆದರೆ 100, 5.8 ಆದರೆ 108. ಇದರ ಮೇಲೆ ಮರಗಿಡದ ನಷ್ಟ ಬೇರೆ. ಲೋರಾ ಗೆಲ್ಲುವುದು ಈ ಹತ್ತು ಡೆಸಿಬಲ್‌ನಿಂದ ಅಷ್ಟೇ ಅಂದುಕೊಳ್ಳಬೇಡಿ. ಗದ್ದಲಕ್ಕಿಂತ 20 ಡೆಸಿಬಲ್ ಕೆಳಗೆ ಹುದುಗಿದ ಸಿಗ್ನಲನ್ನೂ ಅದು ಎತ್ತಿಕೊಳ್ಳುತ್ತದೆ, ಸ್ಪ್ರೆಡಿಂಗ್ ಫ್ಯಾಕ್ಟರ್ (ಸಿಗ್ನಲನ್ನು ಎಷ್ಟು ನಿಧಾನಕ್ಕೆ ಎಳೆದು ಕಳಿಸಬೇಕು ಅನ್ನುವ ಅಳತೆ) 12ಕ್ಕೆ ಇಟ್ಟರೆ.

12ಕ್ಕೆ ಇಡುವುದರಲ್ಲೇ ತೊಂದರೆಯೂ ಇದೆ. 20 ಬೈಟಿನ ಒಂದು ಪ್ಯಾಕೆಟ್ ಫ್ಯಾಕ್ಟರ್ 7ರಲ್ಲಿ 57 ಮಿಲಿಸೆಕೆಂಡಿನಲ್ಲಿ ಹೋಗಿ ಮುಟ್ಟುತ್ತದೆ. 12ರಲ್ಲಿ ಅದಕ್ಕೇ 1.3 ಸೆಕೆಂಡ್. ನಲವತ್ತು ಜನ ನಿಮಿಷಕ್ಕೊಮ್ಮೆ ಕಳಿಸಿದರೆ ನಿಮಿಷದಲ್ಲಿ 52 ಸೆಕೆಂಡ್ ಗಾಳಿಯಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ. ಎಲ್ಲರ ಲೋರಾ ಸಿಗ್ನಲ್ ಗೇಟ್‌ವೇ ಅನ್ನುವ ಕೇಂದ್ರ ಡಬ್ಬಿಗೆ ಹೋಗುವ ವ್ಯವಸ್ಥೆಗೆ ಲೋರಾವ್ಯಾನ್ ಅನ್ನುತ್ತಾರೆ. ಅದರ ಭಾರತದ ಪಟ್ಟಿಯಲ್ಲಿ ಮೊದಲೇ ಕೊಟ್ಟಿರುವ ಚಾನೆಲ್ ಮೂರೇ. ಮೂರಕ್ಕೆ ಹಂಚಿದರೂ ಪ್ಯಾಕೆಟ್‌ಗಳು ಒಂದರ ಮೇಲೊಂದು ಬಿದ್ದು ಅರ್ಧಕ್ಕೆ ಹತ್ತಿರ ಹಾಳು. ದೂರ ಮುಟ್ಟಲಿ ಅಂತ 12ಕ್ಕೆ ಏರಿಸಿದಷ್ಟೂ ಜನ ಕಾಣೆಯಾಗುತ್ತಾರೆ. ನಾನು ನಿಂತದ್ದು 9ರಲ್ಲಿ. ಪ್ಯಾಕೆಟ್‌ಗೆ 185 ಮಿಲಿಸೆಕೆಂಡ್. ಗೇಟ್‌ವೇಯಲ್ಲಿ ಇನ್ನೂ ಕೆಲವು ಚಾನೆಲ್ ತೆರೆದೆ. ವೇಗವನ್ನು ತಾನೇ ಹೊಂದಿಸಿಕೊಳ್ಳುವ ಎಡಿಆರ್ ಅನ್ನುವ ಸೌಲಭ್ಯವನ್ನು ಆಫ್ ಮಾಡಿದೆ. ಅದು ಒಂದೇ ಜಾಗದಲ್ಲಿ ಕೂತಿರುವ ನೀರಿನ ಮೀಟರಿನಂಥವಕ್ಕೆ. ಬಯಲಿನಲ್ಲಿ ನಿಂತಾಗ 7ಕ್ಕೆ ಇಳಿಸಿ, ಮನುಷ್ಯ ಹಳ್ಳಕ್ಕೆ ಇಳಿದ ಮೇಲೆ ಕೈ ಕೊಡುತ್ತದೆ.

ಗೇಟ್‌ವೇ ಎಲ್ಲಿ ಇಡಬೇಕು ಅನ್ನುವುದು ಯಾವ ಕಂಪನಿಯದ್ದು ಅನ್ನುವುದಕ್ಕಿಂತ ದೊಡ್ಡ ವಿಷಯ. ಬಂಗಲೆಯ ಕಿಟಕಿಯಲ್ಲಿ ಇಟ್ಟಾಗ ಲೈನ್ ಮನೆಯಿಂದಾಚೆ ಏನೂ ಬರಲಿಲ್ಲ. ನೀರಿನ ಟ್ಯಾಂಕಿನ ಮೇಲೆ ಕಂಬ ನೆಟ್ಟು, ಆಂಟೆನಾ ಸಿಲ್ವರ್ ಓಕ್ ತುದಿಗಿಂತ ಮೇಲೆ ಬರುವ ಹಾಗೆ ಮಾಡಿದ ಮೇಲೆ ಅದೇ ಡಬ್ಬಿ ಪಲ್ಪರ್ ಮನೆಯವರೆಗೆ ಕೇಳಿಸಿಕೊಂಡಿತು.

ಟ್ಯಾಗ್, ಅಂದರೆ ಕೆಲಸದವರು ಹಾಕಿಕೊಳ್ಳುವ ಲೋರಾ ಡಬ್ಬಿ, ಮೈಮೇಲೆ ಎಲ್ಲಿರುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಮೊದಲು ಎಲ್ಲರೂ ಸೊಂಟದ ಚೀಲಕ್ಕೆ ಹಾಕಿಕೊಂಡರು. ಅಲ್ಲಿ ಆಂಟೆನಾ ಮೈಗೆ ಒತ್ತಿಕೊಂಡು ಟ್ಯೂನ್ ತಪ್ಪುತ್ತದೆ, ಬೆನ್ನು ಗೇಟ್‌ವೇ ಕಡೆ ತಿರುಗಿದರೆ ಇಡೀ ಮೈ ಅಡ್ಡ. ಗಿಡ ಕಸಿ ಮಾಡುವಾಗ (ರೆಂಬೆ ಸವರುವಾಗ) ಬಗ್ಗಿದರೆ ಇನ್ನೂ ಕಷ್ಟ. ಮಳೆಗಾಲದ ಪ್ಲಾಸ್ಟಿಕ್ ಗೊರಬಿನ ಒಳಗೆ, ಭುಜದ ಮೇಲೆ, ವೈರ್ ಆಂಟೆನಾ ನೆಟ್ಟಗೆ ನಿಲ್ಲುವ ಹಾಗೆ ಪಿನ್ ಮಾಡಿದಾಗ ಹತ್ತು ಡೆಸಿಬಲ್ ಹತ್ತಿರ ಲಾಭ ಆಯಿತು. ಅದೇ ವೈರನ್ನು 8.6 ಸೆಂಟಿಮೀಟರಿಗೆ ಕತ್ತರಿಸಬೇಕು, ಅಂದರೆ ತರಂಗದ ಉದ್ದದ ಕಾಲು ಭಾಗ. ಡಬ್ಬಿಯ ಜೊತೆ ಬರುವ ಸುರುಳಿ ಆಂಟೆನಾಕ್ಕಿಂತ ಈ ತಂತಿ ಎಷ್ಟೋ ವಾಸಿ. ಇಲ್ಲಿ ಒಬ್ಬ ಹಿರಿಯ ಮೇಸ್ತ್ರಿ, "ಇದ್ನ ತಲೆ ಮ್ಯಾಲೆ ಹಾಕಿದ್ರೆ ಇನ್ನೂ ಚೆನ್ನಾಗಿ ಬರಲ್ವಾ ಸಾರ್?" ಅಂದರು. ಬರುತ್ತದೆ. ಟೋಪಿಗೆ ಸಿಕ್ಕಿಸಿದ್ದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಆದರೆ ಟೋಪಿಯನ್ನು ಕೊಂಬೆಗೆ ನೇತು ಹಾಕಿ ಕೆಲಸ ಮಾಡುವವರು ಜಾಸ್ತಿ. ನಕ್ಷೆಯಲ್ಲಿ ಕಾಣುವುದು ಆಗ ಟೋಪಿ ಇರುವ ಜಾಗ.

ಇನ್ನೊಂದು ಮಾತು. ಕೆಲಸದ ಹೊತ್ತು ಮುಗಿದ ಮೇಲೂ ಟ್ಯಾಗ್ ಓಡುತ್ತಿದ್ದರೆ ಯಾರಿಗೆ ಇಷ್ಟ ಆಗುತ್ತದೆ? ಕೇಳಿ, ಒಪ್ಪಿಸಿ, ಆಫ್ ಮಾಡುವ ಸ್ವಿಚ್ ಅವರ ಕೈಗೇ ಕೊಟ್ಟ ಮೇಲೆಯೇ ಎಲ್ಲರೂ ಹಾಕಿಕೊಂಡದ್ದು.

ಲೋರಾದಲ್ಲೇ ಇನ್ನೊಂದು ದಾರಿ ಮೆಶ್‌ಟಾಸ್ಟಿಕ್. ಇದಕ್ಕೆ ಗೇಟ್‌ವೇ ಬೇಡ, ಇಂಟರ್ನೆಟ್ ಬೇಡ. ಒಂದು ಸೆಟ್ ಹೇಳಿದ್ದನ್ನು ಇನ್ನೊಂದು ಕೇಳಿಸಿಕೊಂಡು ಮುಂದಕ್ಕೆ ದಾಟಿಸುತ್ತದೆ, ಮೊದಲೇ ಬಂದಿರುವ ಲೆಕ್ಕದಲ್ಲಿ ಮೂರು ಸಲದವರೆಗೆ. ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದರೆ ಉಳಿದವರೆಲ್ಲ ಎಲ್ಲಿದ್ದಾರೆ ಅಂತ ಅವರವರ ಪರದೆಯಲ್ಲೇ ಕಾಣುತ್ತದೆ, ಒಂದು ಸಾಲು ಸಂದೇಶವನ್ನೂ ಕಳಿಸಬಹುದು. ರಾತ್ರಿ ಕಾವಲಿಗೆ ಇದು ಲೋರಾವ್ಯಾನ್‌ಗಿಂತ ಎಷ್ಟೋ ಮೇಲು. ಲೋರಾವ್ಯಾನ್‌ನಲ್ಲಿ ಬಂಗಲೆಯಲ್ಲಿ ಕೂತವರಿಗೆ ಮಾತ್ರ ನಕ್ಷೆ ಕಾಣುತ್ತದೆ. ಆನೆ ಎದುರು ನಿಲ್ಲುವುದು ಕಾವಲಿನವರು ಅಲ್ವಾ? ಹಗಲು ನಲವತ್ತು ಜನಕ್ಕೆ ಇದನ್ನೇ ಕೊಟ್ಟರೆ ಮಾತ್ರ ಆಗುವುದಿಲ್ಲ. ಪ್ರತಿಯೊಂದು ಸೆಟ್ಟೂ ಎಲ್ಲರದ್ದನ್ನೂ ದಾಟಿಸಲು ಹೊರಟರೆ ಗಾಳಿ ತುಂಬಿ ಹೋಗುತ್ತದೆ.

ಗೇಟಿನ ವಿಷಯ ಬೇರೆಯೇ. ಅಲ್ಲಿ ಬೇಕಿದ್ದದ್ದು ಕ್ಯಾಮೆರಾ ಚಿತ್ರ, ಅದು ಲೋರಾದಲ್ಲಿ ಹೋಗುವ ಮಾತೇ ಇಲ್ಲ. ವೈರಿಲ್ಲದೆ ನೆಟ್‌ವರ್ಕ್ ದಾಟಿಸುವ 5 ಗಿಗಾಹರ್ಟ್ಜ್ ಬ್ರಿಜ್ ಜೋಡಿ ಹಾಕಿದೆ, ಒಂದು ಗೇಟಿನ ಕಂಬಕ್ಕೆ, ಇನ್ನೊಂದು ಟ್ಯಾಂಕಿಗೆ. 2018ರ ಅಧಿಸೂಚನೆಯಿಂದ ಈ ಪಟ್ಟಿಯ ಬಹುಪಾಲು ಲೈಸೆನ್ಸಿಲ್ಲದೆ ಹೊರಗೂ ಬಳಸಬಹುದು. ಎರಡೂ ಒಂದಕ್ಕೊಂದು ಕಾಣಬೇಕು. ಬರೀ ಕಂಡರೆ ಸಾಲದು. ಒಂದು ಕಿಲೋಮೀಟರಿನ ಲಿಂಕ್‌ಗೆ ನಡುಮಧ್ಯದಲ್ಲಿ ಮೂರೂವರೆ ಮೀಟರ್ ತ್ರಿಜ್ಯದ ಖಾಲಿ ಜಾಗ ಬೇಕು, ಅಂದರೆ ಗೆರೆಯಿಂದ ಎಲ್ಲ ಕಡೆಗೂ ಅಷ್ಟು ದೂರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಬಿಡುವಿದ್ದರೂ ನಡೆಯುತ್ತದೆ. ಬೇಸಿಗೆಯಲ್ಲಿ ಸಿಲ್ವರ್ ಓಕ್ ಮರಗಸಿ (ಕೊಂಬೆ ಕಡಿಯುವುದು) ಆದ ಮೇಲೆ ಹಾಕಿದ ಲಿಂಕ್ ಮಳೆಗಾಲದ ಚಿಗುರಿಗೆ ಸಿಕ್ಕಿ ತಡವರಿಸಿತು. ಮಳೆ ಹನಿಯಿಂದ ಈ ತರಂಗಕ್ಕೆ ಅಷ್ಟೇನೂ ನಷ್ಟವಿಲ್ಲ, ತೊಂದರೆ ಒದ್ದೆ ಎಲೆಯದ್ದು. ಏಪ್ರಿಲ್, ಮೇ ಗುಡುಗಿನ ಕಾಲಕ್ಕೆ ಅರ್ತ್ ಹಾಕಿಸಿ, ಕೇಬಲ್ಲಿಗೆ ಸರ್ಜ್ ತಡೆ ಹಾಕಿಸಿ.

ಅದೇ ಗೇಟಿನಲ್ಲಿ ಗಾಡಿಗಳ ಫಾಸ್ಟ್ಯಾಗ್ ಓದುವ ಯುಎಚ್‌ಎಫ್ ರೀಡರ್ ಕೂಡ ಕೂರಿಸಿದೆವು. ಅದರಿಂದ ದುಡ್ಡು ಕತ್ತರಿಸುವುದಿಲ್ಲ, ಟ್ಯಾಗಿನ ಸಂಖ್ಯೆ ಓದಿ ಬಂದ ಹೊತ್ತು ಬರೆದುಕೊಳ್ಳುತ್ತದೆ ಅಷ್ಟೇ. ಗಾಡಿಗೆ ಇದಕ್ಕಿಂತ ಸುಲಭದ್ದು ಇಲ್ಲ, ಟ್ಯಾಗ್ ಆಗಲೇ ಗಾಜಿನ ಮೇಲಿದೆ. ಮನುಷ್ಯರ ಕತ್ತಿಗೆ ಅದೇ ಬಗೆಯ ಕಾರ್ಡ್ ಹಾಕಿ ನೋಡಿದಾಗ ಎದೆಗೆ ಅಂಟಿಕೊಂಡರೆ ಓದಲಿಲ್ಲ, ಗಾಳಿಗೆ ತೂಗಿದರೆ ಓದಿತು. ನಂಬುವ ಹಾಗಿಲ್ಲ. ಇನ್ನೊಂದು ತಕರಾರು, ಫಾಸ್ಟ್ಯಾಗ್ ಓಡುವುದೂ ಇದೇ 865–867ರಲ್ಲಿ. ಗೇಟಿನ ಹತ್ತಿರದ ಕಾವಲಿನವರ ಪ್ಯಾಕೆಟ್‌ಗಳು ಆಗಾಗ ಕಳೆದುಹೋಗಲು ಶುರುವಾದವು. ಅಲ್ಲಿಟ್ಟಿದ್ದ ಎರಡನೇ ಲೋರಾ ಗೇಟ್‌ವೇ ಪಕ್ಕದಲ್ಲೇ ಒಂದು ವಾಟ್ ರೀಡರ್ ಸದಾ ಕೂಗುತ್ತಿದ್ದರೆ ಅದಕ್ಕೆ ಬೇರೇನು ಕೇಳಿಸೀತು? ಗೇಟ್‌ವೇಯನ್ನು ದೂರ ಸರಿಸಿ, ಗಾಡಿ ಬಂದಾಗ ಮಾತ್ರ ರೀಡರ್ ಆನ್ ಆಗುವ ಹಾಗೆ ಇನ್‌ಫ್ರಾರೆಡ್ ಸೆನ್ಸರ್ ಕೊಟ್ಟ ಮೇಲೆ ಸರಿಹೋಯಿತು.

ಈಗ ಅಲ್ಲಿ ಗಾಡಿಗಳಿಗೆ 4ಜಿ, ಹಗಲಿನ ಕೆಲಸದವರಿಗೆ ಲೋರಾವ್ಯಾನ್, ರಾತ್ರಿಗೆ ಮೆಶ್, ಗೇಟಿಗೆ 5 ಗಿಗಾಹರ್ಟ್ಜ್. ನಾಲ್ಕು ತರಹದ ಸಾಮಾನು ನೋಡಿಕೊಳ್ಳುವುದು ತಲೆನೋವೇ. ಹದಿನೈದಿಪ್ಪತ್ತು ಎಕರೆ ತೋಟದವರು ಇಷ್ಟೆಲ್ಲ ಕಟ್ಟಿಕೊಳ್ಳಬೇಕಿಲ್ಲ. ನಾಲ್ಕು ಮೆಶ್ ಸೆಟ್, ಒಂದನ್ನು ಮನೆಯ ಟ್ಯಾಂಕಿನ ಮೇಲೆ ಖಾಯಂ ಇಟ್ಟರೆ ಬಹುಪಾಲು ಕೆಲಸ ಆಗುತ್ತದೆ. ಆ ಟ್ಯಾಂಕಿನ ಸೆಟ್ಟಿಗೆ ಸಣ್ಣ ಸೋಲಾರ್ ಫಲಕ ಕೊಡಿ, ಆದರೆ ಜೂನ್, ಜುಲೈನಲ್ಲಿ ಬಿಸಿಲನ್ನೇ ನಂಬಿ ಕೂರಬೇಡಿ. ಮನೆಯಿಂದ ಒಂದು ವೈರ್ ಎಳೆದು ಇಟ್ಟುಕೊಳ್ಳಿ.