ಪಿಕ್ಸೆಲ್ 7ಎ: ಯಕ್ಷಗಾನದ ರಾತ್ರಿಗಳಲ್ಲಿ ಪಳಗಿದ ಕ್ಯಾಮೆರಾ ಫೋನ್

ಇದು ರಾತ್ರಿ ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಹೋಗುವವನೊಬ್ಬ ಬರೆದ ವಿಮರ್ಶೆ. ಗೇಮ್ ಆಡಲು ಫೋನ್ ಹುಡುಕುತ್ತಿದ್ದರೆ ಇಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಕಡಿಮೆ. ಕುಂದಾಪುರದಿಂದ ಹೊನ್ನಾವರದವರೆಗೆ ಎಲ್ಲಿ ಬಡಗಿನ (ಉತ್ತರದ ಶೈಲಿಯ) ಮೇಳದ ಆಟ ಇದ್ದರೂ, ಮರುದಿನದ ಕೆಲಸ ಹೊಂದಿಸಿಕೊಂಡು ಹೋಗಿ ಕೂರುವ ಜಾತಿ ನಂದು. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಚ್ಚುವುದರಿಂದ ಹಿಡಿದು ರಂಗಸ್ಥಳದ ಕುಣಿತದವರೆಗೆ ಫೋಟೋ ತೆಗೆಯುವ ಹುಚ್ಚು ಬೇರೆ. ಮನೆಯಲ್ಲಿ ಡಿಎಸ್‌ಎಲ್‌ಆರ್ ಇದೆ. ಆದರೆ ಅಷ್ಟು ದೊಡ್ಡ ಕ್ಯಾಮೆರಾ ಹಿಡಿದು ಚೌಕಿಗೆ ಕಾಲಿಟ್ಟರೆ ಎಲ್ಲರೂ ಸೆಟೆದು ಕೂರುತ್ತಾರೆ. ಫೋನ್ ಹಿಡಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹಾಗಾಗಿ ಒಳ್ಳೆ ಕ್ಯಾಮೆರಾ ಇರುವ ಫೋನ್ ಬೇಕಿತ್ತು.

2023ರ ಕೊನೆಗೆ, ಮೇಳಗಳ ತಿರುಗಾಟ ಶುರುವಾದ ಹೊಸತರಲ್ಲಿ ಗೂಗಲ್‌ನ ಪಿಕ್ಸೆಲ್ 7ಎ ತೆಗೆದುಕೊಂಡೆ. ಆ ವರ್ಷದ ಮೇ ತಿಂಗಳಲ್ಲಿ ಇದು ಬಂದಾಗ ಬೆಲೆ 43,999 ರೂಪಾಯಿ. ನನಗೆ ಬ್ಯಾಂಕ್ ಆಫರ್ ಎಲ್ಲ ಸೇರಿ ಅದಕ್ಕಿಂತ ಕಡಿಮೆಗೆ ಸಿಕ್ಕಿತು. ಅದೇ ಹೊತ್ತಿಗೆ ನೋಡಿದ ಬೇರೆ ಎರಡು ಫೋನ್ ಎಂದರೆ ಸ್ಯಾಮ್‌ಸಂಗ್ ಎ54 ಮತ್ತು ಒನ್‌ಪ್ಲಸ್ 11ಆರ್. ಸ್ಯಾಮ್‌ಸಂಗ್‌ನಲ್ಲಿ ಮೆಮೊರಿ ಕಾರ್ಡ್ ಹಾಕಬಹುದು. ಒನ್‌ಪ್ಲಸ್‌ನಲ್ಲಿ 100 ವ್ಯಾಟ್ ಚಾರ್ಜಿಂಗ್, ಕಾಫಿ ಕುಡಿದು ಬರುವಷ್ಟರಲ್ಲಿ ಬ್ಯಾಟರಿ ಮುಕ್ಕಾಲು ತುಂಬಿರುತ್ತದೆ. ಎರಡೂ ಆಸೆ ಹುಟ್ಟಿಸುವಂಥವೇ.

ಅಂಗಡಿಗೆ ಹೋದರೆ ಮೊದಲು ಕೇಳುವುದೇ 'ಎಷ್ಟು ಮೆಗಾಪಿಕ್ಸೆಲ್ ಬೇಕು ಸರ್?' ಎಂದು. 108 ಇದೆ, 200 ಇದೆ. ಈ ಲೆಕ್ಕ ಕೇಳಿ ಫೋನ್ ತೆಗೆದುಕೊಳ್ಳಬೇಡಿ. 7ಎಯ ಮುಖ್ಯ ಕ್ಯಾಮೆರಾ 64 ಮೆಗಾಪಿಕ್ಸೆಲ್ ಎಂದು ಕಂಪನಿ ಹೇಳುತ್ತದೆ. ಆದರೆ ನಿಮ್ಮ ಕೈಗೆ ಬರುವ ಫೋಟೋ 16 ಮೆಗಾಪಿಕ್ಸೆಲ್‌ನದು. ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ ಸೇರಿ ಒಂದಾಗಿ ಕೆಲಸ ಮಾಡುತ್ತವೆ. ಆಗ ಬೆಳಕು ಜಾಸ್ತಿ ಸಿಗುತ್ತದೆ, ಕತ್ತಲಲ್ಲಿ ಫೋಟೋ ಚೆನ್ನಾಗಿ ಬರುತ್ತದೆ. ದೊಡ್ಡ ನಂಬರಿನ ಬೇರೆ ಫೋನುಗಳೂ ಹೆಚ್ಚುಕಡಿಮೆ ಹೀಗೇ ಮಾಡುವುದು. ನೋಡಬೇಕಾದ್ದು ಬೇರೆ: ಸೆನ್ಸರ್ ಎಷ್ಟು ದೊಡ್ಡದು, ಕೈ ನಡುಗಿದರೆ ಸರಿಪಡಿಸುವ ಓಐಎಸ್ ಇದೆಯಾ, ಬಟನ್ ಒತ್ತಿದ ಕ್ಷಣಕ್ಕೂ ಫೋಟೋ ಸಿಗುವ ಕ್ಷಣಕ್ಕೂ ಎಷ್ಟು ಅಂತರ. ಈ ಕೊನೆಯದು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ನನ್ನ ಕೆಲಸಕ್ಕೆ ಮಾತ್ರ ಅದೇ ಮುಖ್ಯ.

ಹಾಗಾಗಿ ನನ್ನ ಪರೀಕ್ಷೆ ಅಂಗಡಿಯಲ್ಲೇ ನಡೆಯಿತು. ಜೊತೆಗೆ ಬಂದಿದ್ದ ಭಾವನನ್ನು ಬೆಳಕು ಕಡಿಮೆ ಇದ್ದ ಮೂಲೆಯಲ್ಲಿ ನಿಲ್ಲಿಸಿ, 'ಕೈ ಬೀಸುತ್ತಾ ಒಂದು ಸುತ್ತು ತಿರುಗು' ಎಂದೆ.

'ಎಂತ ಭಾವ, ಇಲ್ಲಿ ಮಂಡಿ ಹಾಕ್ಲಾ ನಾನು? ಮಂಡಿಚಿಪ್ಪು ನೀನು ಕೊಡ್ಸುದಾ?'

ಮಂಡಿ ಅಂದರೆ ಮೊಣಕಾಲೂರಿ ಗಿರಗಿರ ತಿರುಗುವ ಕುಣಿತ. ನಗೆಯಾಯಿತು, ಆದರೆ ಉಪಯೋಗವೂ ಆಯಿತು. ಶೋರೂಮಿನ ಝಗಮಗ ಬೆಳಕಿನಲ್ಲಿ ಎಲ್ಲ ಫೋನೂ ಒಂದೇ. ಕತ್ತಲ ಮೂಲೆಯಲ್ಲಿ ಮಾತ್ರ ಯಾವುದು ಕೈಯನ್ನು ಮಂಜು ಮಾಡುತ್ತದೆ, ಯಾವುದು ಮುಖವನ್ನು ಮೇಣ ಸವರಿದಂತೆ ನುಣುಪು ಮಾಡುತ್ತದೆ ಎಂದು ಗೊತ್ತಾಗುತ್ತದೆ. ಪಿಕ್ಸೆಲ್ ಆ ಅಂಗಡಿಯಲ್ಲಿ ಇರಲಿಲ್ಲ. ಆಟದಲ್ಲಿ ಪಕ್ಕ ಕೂತಿದ್ದವರೊಬ್ಬರ ಹತ್ತಿರ ಇತ್ತು. ಪರಿಚಯ ಮಾಡಿಕೊಂಡು, ಅವರದರಲ್ಲೇ ನಾಲ್ಕಾರು ಫೋಟೋ ತೆಗೆದು ನೋಡಿದೆ. ಅಲ್ಲೇ ತೀರ್ಮಾನವಾಗಿದ್ದು.

ಚೌಕಿಯಲ್ಲಿ ಈ ಫೋನ್ ಹೇಳಿ ಮಾಡಿಸಿದಂತಿದೆ. ಅಲ್ಲಿ ಒಂದೆರಡು ಬಲ್ಬು, ಅದೂ ತಲೆಯ ಮೇಲಿಂದ ಬೀಳುವ ಬೆಳಕು. ಕಲಾವಿದರು ಚಿಕ್ಕ ಕನ್ನಡಿ ಹಿಡಿದು ಗಂಟೆಗಟ್ಟಲೆ ಅಲುಗಾಡದೆ ಕೂತಿರುತ್ತಾರೆ. ನೈಟ್ ಸೈಟ್ ಅನ್ನುವ ರಾತ್ರಿ ಮೋಡ್ ಬೇಡುವುದು ಇದನ್ನೇ. ಅದು ಹಲವು ಫ್ರೇಮ್‌ಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಹೀಗಾಗಿ ಎದುರಿನವರು ಒಂದೆರಡು ಸೆಕೆಂಡ್ ಅಲುಗಾಡಬಾರದು. ಬಣ್ಣದ ವೇಷದವರೊಬ್ಬರು (ರಾಕ್ಷಸ ಪಾತ್ರದವರು) ಚುಟ್ಟಿ ಇಡುತ್ತಿದ್ದಾಗ ತೆಗೆದ ಫೋಟೋ ಒಂದು ನನ್ನ ಹತ್ತಿರ ಇದೆ. ಕೆನ್ನೆಯ ಮೇಲೆ ಅಕ್ಕಿಹಿಟ್ಟಿನ ಸಾಲು ಸಾಲು ಮುಳ್ಳುಗಳು. ತುದಿಯ ಎರಡು ಇನ್ನೂ ಹಸಿ, ಹೊಳೆಯುತ್ತಿವೆ. ಹಿಂದಿನವು ಒಣಗಿ ಬೆಳ್ಳಗಾಗಿವೆ. ಹಸಿಗೂ ಒಣಗಿದ್ದಕ್ಕೂ ಇರುವ ಈ ವ್ಯತ್ಯಾಸ ಫೋಟೋದಲ್ಲಿ ಉಳಿದಿದೆ ನೋಡಿ, ಅದಕ್ಕೆ ನಾನು ದುಡ್ಡು ಕೊಟ್ಟಿದ್ದು. ಅರದಾಳದ ಹಳದಿಯನ್ನೂ ಇಂಗಳೀಕದ ಕೆಂಪನ್ನೂ ತೀರಾ ಗಾಢ ಮಾಡದೆ, ಕಣ್ಣಿಗೆ ಕಂಡ ಹತ್ತಿರಕ್ಕೆ ತರುತ್ತದೆ. ಮೈಬಣ್ಣವನ್ನು ಬಿಳಿಚಿಸುವ ಚಾಳಿಯೂ ಇಲ್ಲ. ಬಣ್ಣ ಹಚ್ಚುವ ಮೊದಲಿನ ಮುಖ, ಹಚ್ಚಿದ ಮೇಲಿನ ಮುಖ, ಎರಡೂ ಅವರವರದೇ ಆಗಿ ಕಾಣುತ್ತವೆ.

ರಂಗಸ್ಥಳದ ಕಥೆ ಬೇರೆ. ಅಲ್ಲಿ ನೈಟ್ ಸೈಟ್ ಶತ್ರು. ವೇಷ ಮಂಡಿ ತಿರುಗುವಾಗ ಅದು ತಾನಾಗಿ ಆನ್ ಆಯಿತು ಅಂದರೆ ಮುಗಿಯಿತು, ಬರೀ ಬಣ್ಣದ ಸುಳಿ ಸಿಗುತ್ತದೆ. ಆಟ ಶುರುವಾಗುವ ಮುಂಚೆ ಅದನ್ನು ಆಫ್ ಮಾಡುವುದು ನನಗೀಗ ಅಭ್ಯಾಸ. ಆಮೇಲೆ ವೇಷದ ಮುಖದ ಮೇಲೆ ಬೆರಳಿಟ್ಟು, ಬರುವ ಬೀಗದ ಗುರುತು ಒತ್ತಿ ಫೋಕಸ್ ಲಾಕ್ ಮಾಡುತ್ತೇನೆ. ಪಕ್ಕದ ಸ್ಲೈಡರ್‌ನಲ್ಲಿ ಬೆಳಕನ್ನು ಚೆನ್ನಾಗಿ ಇಳಿಸುತ್ತೇನೆ. ಹಿನ್ನೆಲೆ ಪೂರ್ತಿ ಕಪ್ಪು, ವೇಷದ ಮೇಲೆ ಮಾತ್ರ ಜೋರು ಬೆಳಕು. ಫೋನ್ ತನ್ನ ಪಾಡಿಗೆ ಬಿಟ್ಟರೆ ಕಪ್ಪನ್ನೂ ಬೆಳ್ಳಗೆ ಮಾಡಲು ಹೋಗಿ ಮುಖವನ್ನು ಸುಟ್ಟುಹಾಕುತ್ತದೆ. ಬೆಳಕು ಇಳಿಸಿದರೆ ಕಿರೀಟದ ಚಿನ್ನದ ಬಣ್ಣ, ಚೌಕುಳಿ ಸೀರೆಯ ಕೆಂಪು-ಹಳದಿ ಎರಡೂ ಉಳಿಯುತ್ತವೆ. ಶಟರ್ ಕೂಡ ವೇಗ ಪಡೆಯುತ್ತದೆ.

ಆದರೂ ಕುಣಿತದ ನಡುವಿನ ಫೋಟೋಗಳಲ್ಲಿ ಹೆಚ್ಚಿನವು ಡಿಲೀಟ್ ಆಗುವಂಥವೇ. ಇಷ್ಟು ಸಣ್ಣ ಲೆನ್ಸ್‌ನಿಂದ ಇನ್ನೇನು ನಿರೀಕ್ಷೆ ಮಾಡುವುದು ಮಾರಾಯ್ರೆ. ಇಲ್ಲಿ ಕ್ಯಾಮೆರಾಗಿಂತ ಕಿವಿ ಕೆಲಸಕ್ಕೆ ಬರುತ್ತದೆ. ಕುಣಿತದ ಮುಕ್ತಾಯಕ್ಕೆ ವೇಷ ಒಂದು ಗಳಿಗೆ ನಿಂತೇ ನಿಲ್ಲುತ್ತದೆ. ಚಂಡೆಯ ಪೆಟ್ಟು ಕೇಳಿ ಅಭ್ಯಾಸ ಇದ್ದವರಿಗೆ ಅದು ಯಾವಾಗ ಎಂದು ಮೊದಲೇ ಗೊತ್ತಿರುತ್ತದೆ. ಬೆರಳನ್ನು ಬಟನ್ ಮೇಲೆ ಇಟ್ಟುಕೊಂಡು ಕಾದರೆ ಸಾಕು.

ಎಲ್‌ಇಡಿ ದೀಪಗಳದ್ದು ಇನ್ನೊಂದು ಗೋಳು. ನಮ್ಮ ಕರೆಂಟು 50 ಹರ್ಟ್ಜ್. ಕಳಪೆ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಶಟರ್ ವೇಗ ಜಾಸ್ತಿಯಾದರೆ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತದೆ. ಶಟರನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ನಿಲ್ಲಿಸಿದರೆ ಪಟ್ಟಿ ಮಾಯ. 7ಎಯ ಸ್ವಂತ ಕ್ಯಾಮೆರಾ ಆ್ಯಪ್‌ನಲ್ಲಿ ಶಟರ್ ವೇಗವನ್ನು ಕೈಯಾರೆ ಬದಲಿಸುವ ಸೌಲಭ್ಯ ಕೊಟ್ಟಿಲ್ಲ. ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಅದು ಸಾಧ್ಯ. ಆದರೆ ಅದರಲ್ಲಿ ಪಿಕ್ಸೆಲ್‌ನ ಬಣ್ಣದ ಮ್ಯಾಜಿಕ್ ಇರುವುದಿಲ್ಲ. ದೀಪ ನೋಡಿ ಯಾವುದು ಎಂದು ತೀರ್ಮಾನ ಮಾಡಬೇಕು.

ಜೂಮ್ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಟೆಲಿಫೋಟೋ ಲೆನ್ಸ್ ಇದರಲ್ಲಿ ಇಲ್ಲ. 8 ಪಟ್ಟು ಜೂಮ್ ಅನ್ನುವುದು ಸಾಫ್ಟ್‌ವೇರ್ ಕೈಚಳಕ. ಎರಡು ಪಟ್ಟಿನವರೆಗೆ ಚೆನ್ನಾಗಿಯೇ ಇದೆ, ನಾನು ಚೌಕಿಯಲ್ಲಿ ಬಳಸುವುದು ಅದನ್ನೇ. ಮೂರು ದಾಟಿದರೆ ರಾತ್ರಿ ಹೊತ್ತು ಮುಖಗಳು ಜಲವರ್ಣದ ಚಿತ್ರದ ಹಾಗೆ ಕಲಸಿಕೊಳ್ಳುತ್ತವೆ. ನೀವು ಹಿಂದಿನ ಸಾಲಿನಲ್ಲಿ ಕೂರುವವರಾದರೆ, ಅಥವಾ ಮಗಳ ಸ್ಕೂಲ್ ಡೇ ಡ್ಯಾನ್ಸನ್ನು ಸಭಾಂಗಣದ ಕೊನೆಯಿಂದ ತೆಗೆಯುವವರಾದರೆ, ಈ ಫೋನ್ ನಿಮಗಲ್ಲ. ನಾನು ಬೇಗ ಹೋಗಿ ಮುಂದೆ ಚಾಪೆ ಹಾಸಿ ಕೂರುವವನು, ನನಗೆ ನಡೆಯುತ್ತದೆ.

ವಿಡಿಯೋ ಸುಮಾರಾಗಿ ಒಳ್ಳೆಯದು, 4ಕೆ ಕೂಡ ತೆಗೆಯಬಹುದು. ಧ್ವನಿಗೆ ಒಂದೇ ಉಪಾಯ: ಸ್ಪೀಕರ್ ಪೆಟ್ಟಿಗೆಯ ಮುಂದೆ ಕೂರಬೇಡಿ. ಚಂಡೆ ಏರಿದರೆ ಯಾವ ಫೋನಿನ ಮೈಕೂ ಒಡೆದುಹೋಗುತ್ತದೆ, ಭಾಗವತರ ಪದ್ಯ ಅದರಲ್ಲಿ ಮುಳುಗುತ್ತದೆ. ಹಗಲು ಫೋಟೋ, ಸೆಲ್ಫಿ, ತೋಟ, ಮದುವೆ ಮನೆ, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಬೆಲೆಯ ಯಾವ ಫೋನೂ ಹಗಲು ಬೆಳಕಲ್ಲಿ ಮೋಸ ಮಾಡುವುದಿಲ್ಲ. ಅಗಲ ಕೋನದ ಕ್ಯಾಮೆರಾಗೆ ಆಟೋಫೋಕಸ್ ಇಲ್ಲ, ಹಾಗಾಗಿ ಹೂವು, ಹುಳು ತೀರಾ ಹತ್ತಿರದಿಂದ ತೆಗೆಯಲು ಆಗುವುದಿಲ್ಲ. ಹೊರಗೆ ನಿಂತು ಇಡೀ ರಂಗಸ್ಥಳ, ಜನ, ಅಂಗಡಿ ಸಾಲು ಎಲ್ಲ ಒಂದೇ ಫೋಟೋದಲ್ಲಿ ಬೇಕೆಂದಾಗ ಅದು ಉಪಯೋಗ.

ಒಂದು ವಿಷಯ ಮಾತ್ರ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಸ್ಕ್ರೀನ್ ಗಾರ್ಡ್ ಹಾಕಿಸಲು ಹೋದಾಗ ಅಂಗಡಿಯವರು ಒತ್ತಾಯ ಮಾಡಿ ಕ್ಯಾಮೆರಾ ಮೇಲೂ ಒಂದು ಗಾಜು ಅಂಟಿಸಿಬಿಟ್ಟರು. 'ಗೀರು ಬೀಳಬಾರದಲ್ವಾ ಸರ್' ಎಂದರು. ಆ ವಾರದ ಆಟದಲ್ಲಿ ಪ್ರತಿ ದೀಪಕ್ಕೂ ಒಂದೊಂದು ಹಸಿರು ಚುಕ್ಕೆ, ಮೇಲಿಂದ ಹೊಗೆ ಮುಸುಕಿದ ಹಾಗೆ ಮಂಕು. ಮೂವತ್ತು ನಲವತ್ತು ಸಾವಿರದ ಕ್ಯಾಮೆರಾ ಮುಂದೆ ನೂರು ರೂಪಾಯಿಯ ಗಾಜು ಕೂತಿತ್ತು. ಉಗುರಲ್ಲಿ ಎಬ್ಬಿಸಿ ಕಿತ್ತ ಮೇಲೆ ಎಲ್ಲ ಸರಿಯಾಯಿತು. ನಿಮ್ಮ ಫೋನಿನ ರಾತ್ರಿ ಫೋಟೋ ಹಾಳಾಗಿದೆ ಅನಿಸಿದರೆ ಮೊದಲು ಅದನ್ನು ಕಿತ್ತು ನೋಡಿ. ಮೃದು ಬಟ್ಟೆಯಿಂದ ಲೆನ್ಸ್ ಒರೆಸುವುದೂ ಅಷ್ಟೇ ಮುಖ್ಯ. ಕಡಲೆ ತಿಂದ ಕೈಯ ಎಣ್ಣೆ ಸಾಕು, ಫೋಟೋ ಕೆಡಲು.

ಬ್ಯಾಟರಿ 4385 ಎಂಎಎಚ್. ಮಾಮೂಲಿ ದಿನ ರಾತ್ರಿಯವರೆಗೆ ಬರುತ್ತದೆ. ಬೆಳಗಿನವರೆಗಿನ ಆಟಕ್ಕೆ ಪವರ್ ಬ್ಯಾಂಕ್ ಇಲ್ಲದೆ ಹೋಗಲೇಬೇಡಿ. ಚಾರ್ಜಿಂಗ್ 18 ವ್ಯಾಟ್ ಮಾತ್ರ, ಪೂರ್ತಿ ತುಂಬಲು ಎರಡು ಗಂಟೆಯ ಹತ್ತಿರ ಬೇಕು. ಪೆಟ್ಟಿಗೆಯಲ್ಲಿ ಚಾರ್ಜರ್ ಕೊಡುವುದಿಲ್ಲ, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಜಾಗದ ವಿಷಯ ಇನ್ನೂ ಬಿಗಿ: 128 ಜಿಬಿ ಅಷ್ಟೇ, ಕಾರ್ಡ್ ಹಾಕಲು ಜಾಗವಿಲ್ಲ. ಹಿಂದೆ ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಿತ್ತು, 2021ರ ಜೂನ್‌ನಿಂದ ಅದೂ ಹೋಯಿತು. ಈಗ 15 ಜಿಬಿ ಮಾತ್ರ ಉಚಿತ. ನಾನು ಪ್ರತಿ ಆಟದ ಮರುದಿನ ಫೋಟೋಗಳನ್ನು ಹಾರ್ಡ್ ಡಿಸ್ಕ್‌ಗೆ ಹಾಕಿ ಫೋನ್ ಖಾಲಿ ಮಾಡುತ್ತೇನೆ. ಈ ಶಿಸ್ತು ಇಲ್ಲದವರು 256 ಜಿಬಿಯ ಬೇರೆ ಫೋನ್ ನೋಡುವುದು ವಾಸಿ.

ಮಳೆಗಾಲದ ಕರಾವಳಿಯಲ್ಲಿ ಐಪಿ67 ಎಂಬ ನೀರು-ಧೂಳಿನ ರಕ್ಷಣೆ ಎಷ್ಟು ನೆಮ್ಮದಿ ಎಂದು ಇಲ್ಲಿದ್ದವರಿಗೇ ಗೊತ್ತು. ತಿರುಗಾಟ ಮುಗಿಯುವ ಪತ್ತನಾಜೆಯ ಹೊತ್ತಿಗೆ ಸುಮ್ನೆ ಬಂದು ಸುರಿಯುವ ಮಳೆಯಲ್ಲಿ ಫೋನ್ ಜೇಬಲ್ಲೇ ನೆನೆದಿದೆ, ಏನೂ ಆಗಿಲ್ಲ. ಹಾಗೆಂದು ಸಮುದ್ರದಲ್ಲಿ ಅದ್ದಬೇಡಿ. ಆ ಲೆಕ್ಕ ಸಿಹಿನೀರಿನದು, ನೀರು ಹೊಕ್ಕರೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ.

ಈಗ 7ಎ ಹಳೆಯದಾಯಿತು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಆಸೆಯೂ ಆಗುತ್ತದೆ. ಆದರೆ ಈ ಮಾದರಿಯ ಕೆಲವು ಫೋನುಗಳಲ್ಲಿ ಬ್ಯಾಟರಿ ಊದಿಕೊಳ್ಳುತ್ತದೆ ಎಂದು ಗೂಗಲ್ ತಾನೇ 2025ರಲ್ಲಿ ಹೇಳಿ, ಭಾರತವೂ ಸೇರಿ ಕೆಲವು ದೇಶಗಳಲ್ಲಿ ಉಚಿತವಾಗಿ ಬದಲಿಸುವ ಏರ್ಪಾಡು ಮಾಡಿತ್ತು. ನನ್ನದಕ್ಕೆ ಹಾಗಾಗಿಲ್ಲ. ಹಳೆಯದು ಕೊಳ್ಳುವಾಗ ಹಿಂಬದಿ ಉಬ್ಬಿದೆಯಾ ಎಂದು ಬೆರಳಾಡಿಸಿ ನೋಡಿ. ಬ್ಯಾಟರಿ ಬದಲಿಸಿದ್ದರೆ ಬಿಲ್ ಕೇಳಿ. ಹೊಸದೇ ಬೇಕೆಂದರೆ ಇದೇ ಸಾಲಿನ 9ಎ ಇದೆ. 2025ರಲ್ಲಿ 49,999 ರೂಪಾಯಿಗೆ, 256 ಜಿಬಿಯೊಂದಿಗೆ ಬಂತು. ಬ್ಯಾಟರಿ 5100 ಎಂಎಎಚ್, ಏಳು ವರ್ಷ ಅಪ್‌ಡೇಟ್. ಅದರಲ್ಲೂ ಟೆಲಿಫೋಟೋ ಇಲ್ಲ. ದೂರದಿಂದ ತೆಗೆಯುವುದೇ ನಿಮ್ಮ ಕೆಲಸವಾದರೆ ನಥಿಂಗ್ ಫೋನ್ 3ಎ ಪ್ರೊ ನೋಡಿ. 30,000ದ ಆಸುಪಾಸಿನಲ್ಲಿ ಬಂದ ಅದರಲ್ಲಿ 3 ಪಟ್ಟಿನ ನಿಜವಾದ ಜೂಮ್ ಲೆನ್ಸ್ ಇದೆ. ನಾನು ಬಳಸಿಲ್ಲ, ಹಾಗಾಗಿ ಕತ್ತಲ ಮೂಲೆಯ ಪರೀಕ್ಷೆ ನೀವೇ ಮಾಡಿಕೊಳ್ಳಿ. ಭಾವ ಸಿಗದಿದ್ದರೆ ಅಂಗಡಿಯ ಹುಡುಗನನ್ನೇ ತಿರುಗಿಸಿ.

ನನ್ನ 7ಎಗೆ 2028ರ ಮೇವರೆಗೆ ಸೆಕ್ಯುರಿಟಿ ಅಪ್‌ಡೇಟ್ ಇದೆ. ಅಲ್ಲಿಯವರೆಗೆ ಬದಲಿಸುವ ಯೋಚನೆ ಇಲ್ಲ. ನಡುವೆ ಒಂದು ಹೊಸ ಬ್ಯಾಟರಿ ಹಾಕಿಸಬೇಕಾಗಬಹುದು, ಅಷ್ಟೇ.